ಸಂಪಿನ ಎರಡು ಗೆರೆ

ನನ್ನ ಅಕ್ಕ ಗಾಜು ಕತ್ತರಿಸುವುದನ್ನು ನೋಡದವರಿಗೆ ಅವಳ ವಿಷಯ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಅವಳದು, ಮೂವತ್ತು ವರ್ಷದಿಂದ. ಮೇಜಿನ ಮೇಲೆ ಗಾಜು ಮಲಗಿಸಿ, ಅಳತೆಪಟ್ಟಿ ಒತ್ತಿ ಹಿಡಿದು, ವಜ್ರದ ಕಟ್ಟರನ್ನು ಒಂದೇ ಸಲ ಎಳೆಯುತ್ತಾಳೆ. ಎರಡನೆಯ ಸಲ ಎಳೆದದ್ದನ್ನು ನಾನು ಕಂಡಿಲ್ಲ. ಆಮೇಲೆ ಗಾಜನ್ನು ಮೇಜಿನ ಅಂಚಿಗೆ ತಂದು ಕೆಳಗಿನಿಂದ ಮೆಲ್ಲಗೆ ತಟ್ಟಿದರೆ ಆಯಿತು, ಹೇಳಿದ ಮಾತು ಕೇಳಿ ಎರಡಾಗುತ್ತದೆ. ನನ್ನ ಮಾತನ್ನು ಮನೆಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ನಾನು ಪ್ಲಂಬರ್. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನೇನೂ ಅಲ್ಲಗಳೆಯುವುದಿಲ್ಲ. ಆದರೆ ನಾನು ಕೂಡಿಸಿದ ಪೈಪಿನಲ್ಲಿ ಒಂದು ಹನಿ ಸೋರಿದ್ದು ತೋರಿಸಿ, ಮೀಸೆ ಬೋಳಿಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು. ಮೀಸೆ ಇನ್ನೂ ಇದೆ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ನನ್ನ ಮೂಗು ಒರೆಸಿದ್ದರಿಂದ ಹಿಡಿದು ಮೊದಲ ಪೈಪ್ ರೆಂಚ್ ಕೊಡಿಸಿದ್ದರ ತನಕ ಎಲ್ಲ ಅವಳೇ.

ಅವಳ ಅಂಗಡಿಯಿಂದ ಮೂರನೆಯದು ಗಡಿಯಾರ ರಿಪೇರಿ ಅಂಗಡಿ. ಅದನ್ನು ನಡೆಸುವ ಮುದುಕರನ್ನು ಬೀದಿಯವರೆಲ್ಲ ಯಜಮಾನರು ಎನ್ನುತ್ತಾರೆ. ಒಳಕೋಣೆಯಲ್ಲಿ ಅವರದೊಂದು ಉಪ್ಪುನೀರಿನ ತೊಟ್ಟಿ, ಅದರೊಳಗೆ ಒಂದು ಹಸಿರು ಹವಳ. ಹೆಬ್ಬೆರಳಷ್ಟಿದ್ದ ತುಂಡು ಹದಿನೆಂಟು ವರ್ಷದಲ್ಲಿ ಎರಡು ಬೊಗಸೆ ತುಂಬುವಷ್ಟಾಗಿದೆ. ಅಕ್ಕ ದಿನಾ ಅಂಗಡಿಯ ಶಟರ್ ಎಳೆದು ಅಲ್ಲಿ ಹತ್ತು ನಿಮಿಷ ನಿಂತು ಅದನ್ನು ನೋಡಿಯೇ ಮನೆಗೆ ಹೋಗುವುದು. ನಾನೂ ಒಮ್ಮೆ ನೋಡಿದೆ. ಕಲ್ಲಿನ ಹಾಗೆ ಕೂತಿತ್ತು. ಯಜಮಾನರು ದೀಪ ಹಾಕಿದ ಮೇಲೆ, ನಿದ್ದೆಯಿಂದೆದ್ದ ಮಗು ಮೈ ಮುರಿದಂತೆ, ನೂರಾರು ಬೆರಳುಗಳನ್ನು ಒಂದೊಂದಾಗಿ ಹೊರಗೆ ಚಾಚಿತು. ಹತ್ತು ನಿಮಿಷ ನಾನೂ ಅಲ್ಲೇ ನಿಂತುಬಿಟ್ಟೆ. ಅದು ಅಪರೂಪ.

ಈ ವರ್ಷ ಯಜಮಾನರ ಕೈ ನಡುಗತೊಡಗಿತು. ಬಕೆಟ್ ಎತ್ತಿ ನೀರು ಬದಲಾಯಿಸುವುದು ಅವರಿಂದಾಗದು. ಹವಳವನ್ನು ಯಾರಿಗಾದರೂ ಕೊಡಬೇಕೆಂದಾಗ, ಗೋಡೆಯುದ್ದದ ತೊಟ್ಟಿ ಇಟ್ಟುಕೊಂಡ ಡಾಕ್ಟರೊಬ್ಬರು ತಮಗೇ ಬೇಕೆಂದು ಮುಂದೆ ಬಂದರು. ಅಕ್ಕನೂ ಕೇಳಿದಳು.

"ಮೂವತ್ತು ವರ್ಷ ಬೇರೆಯವರ ಖುಷಿಗೇ ಗಾಜು ಹಾಕಿದ್ದೀನಿ ಕಣೋ," ಎಂದಳು ನನ್ನ ಹತ್ತಿರ. "ಇದೊಂದು ನನಗೆ ಬೇಕು."

'ನನಗೆ ಬೇಕು' ಎಂದು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಯಜಮಾನರದು ಒಂದೇ ಷರತ್ತು. ಹವಳ ಯಾರಿಗೇ ಕೊಡಲಿ, ಮೊದಲು ಅವರ ಮನೆಗೆ ಹೋಗುತ್ತಾರೆ. ತೊಟ್ಟಿಯ ಸುತ್ತ ಒಣ ಪತ್ರಿಕೆ ಹಾಸಿ, ಕರೆಂಟು ಹೋದರೆ ಆಗುವ ಹಾಗೆ, ತಮ್ಮ ಕೈಯಾರೆ ನೀರು ಹರಿಸುವ ಮೋಟಾರಿನ ಪ್ಲಗ್ ಕಿತ್ತು, ಅರ್ಧ ಗಂಟೆ ಕೂರುತ್ತಾರೆ. ಪತ್ರಿಕೆ ಒದ್ದೆಯಾದರೆ ಎದ್ದು ಹೊರಟುಬಿಡುತ್ತಾರೆ. ಕೇಳಿದ್ದ ಬೇರೆ ಮೂವರಿಗೆ ಆಗಲೇ ಹಾಗೆ ನಮಸ್ಕಾರ ಹೇಳಿ ಬಂದಿದ್ದರು. ಅಕ್ಕನ ಪತ್ರಿಕೆ ಒದ್ದೆಯಾದರೆ ಹವಳ ಡಾಕ್ಟರ ಪಾಲು.

ಅಕ್ಕನ ಹಜಾರದಲ್ಲಿ ಕಿಟಕಿಗೂ ಬೀರುವಿಗೂ ನಡುವೆ ಇದ್ದ ಜಾಗ ಎರಡಡಿಗೂ ಕಡಿಮೆ. ಅಂಗಡಿಯಲ್ಲಿ ಸಿಗುವ ಯಾವ ತೊಟ್ಟಿಯೂ ಅಲ್ಲಿ ಕೂರುವುದಿಲ್ಲ. ತಾನೇ ಕಟ್ಟುತ್ತೇನೆಂದಳು. ಎಂಟು ಮಿಲಿಮೀಟರ್ ದಪ್ಪದ ಗಾಜು ತಂದು, ಇಪ್ಪತ್ತೆರಡು ಇಂಚು ಉದ್ದ, ಹದಿನೆಂಟು ಇಂಚು ಅಗಲಕ್ಕೆ ಕತ್ತರಿಸಿ, ಅಂಚುಗಳನ್ನು ಕೈಗೆ ಹಿತವಾಗುವ ಹಾಗೆ ಉಜ್ಜಿದಳು. ಪೈಪಿಗೆ ತೂತು ಬೇಕಲ್ಲ, ಕೊರೆಯುವ ಜಾಗಕ್ಕೆ ನೀರು ಬಿಡುತ್ತಾ, ಡ್ರಿಲ್ಲನ್ನು ಒತ್ತದೆ, ಅದರ ಭಾರಕ್ಕೇ ಬಿಟ್ಟು, ಒಂದೊಂದು ತೂತಿಗೆ ಕಾಲು ಗಂಟೆ ಕೂತಳು. ನಾನಾಗಿದ್ದರೆ ಮೂರನೆಯ ನಿಮಿಷಕ್ಕೆ ಒತ್ತಿ ಗಾಜು ಚೂರು ಮಾಡುತ್ತಿದ್ದೆ. ಸಿಲಿಕೋನ್ ಹಚ್ಚಿ ಬೆರಳಿನಲ್ಲಿ ಒಂದೇ ಎಳೆತಕ್ಕೆ ನೇವರಿಸಿದ ಮೂಲೆಗಳನ್ನು ನೋಡಬೇಕು, ಹೊಲಿಗೆಯೇ ಕಾಣದ ಬಟ್ಟೆ ಅವು. ಏಳು ದಿನ ಯಾರಿಗೂ ಮುಟ್ಟಗೊಡಲಿಲ್ಲ. ಭಾವ ಒಮ್ಮೆ ಅದರ ಮೇಲೆ ಲೋಟ ಇಡಲು ಹೋಗಿ ಅವಳ ಒಂದು ನೋಟಕ್ಕೆ ಲೋಟ ಹಿಡಿದುಕೊಂಡೇ ಅಡುಗೆಮನೆಗೆ ವಾಪಸಾದರು.

ತೊಟ್ಟಿಯ ಕೆಳಗಿನ ಮರದ ಬೀರುವಿನಲ್ಲಿ ಇನ್ನೊಂದು ಗಾಜಿನ ತೊಟ್ಟಿ. ಅದು ಸಂಪು. ಮೇಲಿನ ನೀರು ಅಂಚು ದಾಟಿ ಒಂದು ಪೈಪಿನಲ್ಲಿ ಅಲ್ಲಿಗೆ ಇಳಿದು, ಕೊಳೆ ಬಿಟ್ಟು, ಮೋಟಾರಿನಿಂದ ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ಹತ್ತುತ್ತದೆ. ಕೆಳಗೆ ಸಂಪು, ಮೇಲೆ ಟ್ಯಾಂಕು, ನಡುವೆ ಮೋಟಾರು: ನನ್ನ ಹೊಟ್ಟೆಪಾಡೇ ಅದು. ಪೈಪುಗಳನ್ನು ನಾನೇ ಕೂಡಿಸಿದೆ. ಆದರೆ ಬರೀ ನಲ್ಲಿನೀರು ತುಂಬಿಸಿ ಓಡಿಸಿ ನೋಡಿದಾಗ ಸಂಪಿನಲ್ಲಿ ನೀರು ಅರ್ಧವೂ ಇರಲಿಲ್ಲ. ಸಂಪು ಎಂದರೆ ತುಂಬಿರಬೇಕು. ಅರ್ಧ ಖಾಲಿ ಸಂಪು ಕಂಡರೆ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ.

"ಇಷ್ಟು ದೊಡ್ಡ ಸಂಪು ಯಾಕೆ ಮಾಡಿದೆ? ಜಾಗ ದಂಡ," ಎಂದೆ.

"ಇರ್ಲಿ ಬಿಡು."

ಸಂಪಿನ ಗಾಜಿನ ಮೇಲೆ ಬಿಳಿ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದಳು. ಒಂದು ನೀರಿಗಿಂತ ಸ್ವಲ್ಪ ಮೇಲೆ. ಇನ್ನೊಂದು ಸಂಪಿನ ಅಂಚಿಗೆ ಎರಡೇ ಬೆರಳು ಕೆಳಗೆ, ಅದರ ಪಕ್ಕ ಏನೋ ಸಣ್ಣದಾಗಿ ಬರೆದಿತ್ತು. ಬೀರುವಿನ ಕತ್ತಲೆಯಲ್ಲಿ ನನ್ನ ಕಣ್ಣಿಗೆ ಓದಲಾಗಲಿಲ್ಲ. ಏನಿದು ಎಂದೆ.

"ಕೆಳಗಿನದು ಲೆಕ್ಕದ್ದು. ಮೇಲಿನದು ಅನುಭವದ್ದು," ಎಂದಳು. ಇನ್ನೂ ಏನೋ ಹೇಳುತ್ತಿದ್ದಳು, ಅಷ್ಟರಲ್ಲಿ ನಾನು ಬೇರೆ ಮಾತು ತೆಗೆದಿದ್ದೆ.

ಆಮೇಲೆ ಕಲ್ಲು ಜೋಡಿಸಿ, ಮರಳು ಹಾಸಿ, ಶುದ್ಧ ನೀರಿಗೆ ಉಪ್ಪು ಬೆರೆಸಿ ತುಂಬಿಸಿದಳು. ಆರು ವಾರ ಒಂದು ಮೀನಿಲ್ಲ, ಮರಿಯಿಲ್ಲ. ಬರೀ ಕಲ್ಲಿಗೆ ಉಪ್ಪುನೀರು ಕುಡಿಸುತ್ತಿದ್ದೀಯಾ ಎಂದು ನಾನು ರೇಗಿಸಿದರೂ ಅವಳು ಬೆಳಗ್ಗೆ ಒಂದು ಸಣ್ಣ ಗಾಜಿನ ನಳಿಕೆಗೆ ನೀರು ತುಂಬಿ, ಮದ್ದಿನ ಹನಿ ಹಾಕಿ, ಬಣ್ಣ ನೋಡಿ ಬರೆದಿಟ್ಟುಕೊಳ್ಳುವುದನ್ನು ಒಂದು ದಿನವೂ ಬಿಡಲಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಮೊದಲು ಆ ಕಲ್ಲಿನಲ್ಲಿ ನೆಲೆಯಾಗಬೇಕಂತೆ. ಆರನೆಯ ವಾರ ಆ ನೀರಿನ ತಿಳಿ ನೋಡಿದರೆ, ಗಾಜಿನೊಳಗೆ ನೀರೇ ಇಲ್ಲ ಎನಿಸುವಂತಿತ್ತು. ಇಂಥ ತಾಳ್ಮೆಯವಳು ಹುಟ್ಟಿದ ಹೊಟ್ಟೆಯಲ್ಲೇ ನಾನೂ ಹುಟ್ಟಿದ್ದಾ ಎಂದು ಅಮ್ಮನನ್ನು ಕೇಳಬೇಕಿತ್ತು.

ಯಜಮಾನರು ಭಾನುವಾರ ಬರುವವರಿದ್ದರು. ಶನಿವಾರ ಮಧ್ಯಾಹ್ನ ಅಕ್ಕ ಅಂಗಡಿಯಲ್ಲಿದ್ದಾಗ ನಾನು ಒಂದು ಸಲ ನೋಡಿ ಹೋಗೋಣವೆಂದು ಬಂದೆ. ನೀರು ಮೇಲಕ್ಕೆ ತರುವ ಪೈಪು, ನಾನು ಕೂಡಿಸಿದ ಪೈಪು, ನೀರಿಗಿಳಿದ ಜಾಗಕ್ಕೆ ಒಂದು ಬೆರಳು ಕೆಳಗೆ ಒಂದು ತೂತಿನಿಂದ ಪಿಚಕ್ಕನೆ ಪಕ್ಕಕ್ಕೆ ಚಿಮ್ಮುತ್ತಿತ್ತು. ನನ್ನ ಕೆಲಸದಲ್ಲಿ ಸೋರಿಕೆ! ಯಾರಿಗೂ ಗೊತ್ತಾಗುವ ಮೊದಲು, ಅಕ್ಕ ಕಲ್ಲು ಅಂಟಿಸಲು ತಂದಿದ್ದ, ನೀರಿನಲ್ಲೂ ಗಟ್ಟಿಯಾಗುವ ಅಂಟುಮುದ್ದೆಯನ್ನು ನಾದಿ, ತೂತಿನ ಮೇಲಿಟ್ಟು ಹೆಬ್ಬೆರಳಿನಲ್ಲಿ ಒತ್ತಿದೆ. ಚಿಮ್ಮುವುದು ನಿಂತಿತು. ಮೀಸೆ ಉಳಿಯಿತೆಂದುಕೊಂಡು, ಯಾರಿಗೂ ಹೇಳದೆ ಮನೆಗೆ ಹೋದೆ.

ಭಾನುವಾರ ಹತ್ತು ಗಂಟೆಗೆ ಯಜಮಾನರು ಬಂದರು. ಹವಳವನ್ನು ಮುಚ್ಚಳದ ಬಕೆಟ್ಟಿನಲ್ಲಿ ತಂದು ಬಾಗಿಲ ಪಕ್ಕದಲ್ಲೇ ಇಟ್ಟರು, ಒಳಗೆ ತರಲಿಲ್ಲ. ಪತ್ರಿಕೆ ಹಾಸಿದರು. ಸಂಪಿನ ಸುತ್ತಲೂ ತೂರಿಸಿದರು. ನಡುಗುವ ಕೈಯಲ್ಲಿ ಪ್ಲಗ್ ಕಿತ್ತರು. ಮೋಟಾರಿನ ಗುಂಯ್ ನಿಂತಿತು.

"ಈಗ ಮೇಲಿನ ನೀರು ಹತ್ತಿದ ಪೈಪಿನಲ್ಲೇ ಹಿಂದಕ್ಕೆ ಇಳಿಯತ್ತೆ," ಎಂದು ನನಗೆ ವಿವರಿಸಿದರು. "ಒಂದು ಬೆರಳು ಇಳಿದ ಮೇಲೆ ಪೈಪಿನ ಗಾಳಿತೂತು ಬಯಲಾಗಿ ಗಾಳಿ ಎಳೆದುಕೊಳ್ಳತ್ತೆ. ಅಲ್ಲಿಗೆ ನಿಲ್ಲತ್ತೆ. ಆ ತೂತು ಇಲ್ಲದಿದ್ರೆ ಮುಗೀತು, ತೊಟ್ಟಿಯ ನಾಲ್ಕಿಂಚು ನೀರು ನೆಲದ ಮೇಲೆ."

ನೀರು ಒಂದು ಬೆರಳು ಇಳಿಯಿತು. ಎರಡು ಇಳಿಯಿತು. ಮೂರು.

"ಅಕ್ಕ," ಎಂದೆ. "ಆ ತೂತು ನಾನು ಮುಚ್ಚಿಬಿಟ್ಟೆ. ನಿನ್ನೆ. ಸೋರ್ತಿದೆ ಅಂದುಕೊಂಡೆ."

ಯಜಮಾನರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಪ್ಲಗ್ಗಿನತ್ತ ಧಾವಿಸಿದೆ. ಅಕ್ಕ ನನ್ನ ಮುಂಗೈ ಹಿಡಿದಳು. ಆರು ವರ್ಷದವನಾಗಿದ್ದಾಗ ರಸ್ತೆ ದಾಟಿಸಲು ಹಿಡಿಯುತ್ತಿದ್ದ ಹಿಡಿತವೇ.

"ಸುಮ್ನೆ ನಿಂತ್ಕೊ," ಎಂದಳು.

ಮೇಲೆ ನೀರು ಇಳಿಯುತ್ತಲೇ ಇತ್ತು. ಬೀರುವಿನ ಬಾಗಿಲು ತೆರೆದೇ ಇತ್ತು, ಸಂಪಿನಲ್ಲಿ ನೀರು ಏರುತ್ತಿತ್ತು. ಕೆಳಗಿನ ಗೆರೆ ಮುಳುಗಿತು. ನಾನು ಮಂಡಿಯೂರಿ ಕೂತು, ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಇಂಚಿಂಚಾಗಿ ಏರಿ, ಮೇಲಿನ ಗೆರೆಯನ್ನು ಮುಟ್ಟಿತು. ಆಗ ಮೇಲಿನ ಪೈಪಿನ ಬಾಯಿ ನೀರಿನಿಂದ ಹೊರಬಂದು ಗೊರ್ರೆಂದು ಗಾಳಿ ಎಳೆಯಿತು. ನೀರು ನಿಂತಿತು. ಸಂಪಿನ ಅಂಚಿಗೆ ಇನ್ನೂ ಎರಡು ಬೆರಳು ಜಾಗ ಉಳಿದಿತ್ತು.

ಯಜಮಾನರು ಅರ್ಧ ಗಂಟೆ ಪೂರ್ತಿ ಕೂತರು. ಆಮೇಲೆ ಪತ್ರಿಕೆಗಳನ್ನು ಒಂದೊಂದಾಗಿ ಎತ್ತಿ, ಅಂಗೈಯಿಂದ ಸವರಿ, ಮಡಿಸಿಟ್ಟರು. ಒಂದೂ ಒದ್ದೆಯಾಗಿರಲಿಲ್ಲ.

"ತೂತು ಮುಚ್ಚಿದ್ದು ನಿನಗೆ ಗೊತ್ತಿತ್ತೇನಮ್ಮ?" ಎಂದು ಅಕ್ಕನನ್ನು ಕೇಳಿದರು.

"ಬೆಳಗ್ಗೇನೇ ನೋಡ್ದೆ. ಅಂಟಿನ ಮೇಲೆ ಹೆಬ್ಬೆರಳ ಗುರುತು ಹಾಗೇ ಇತ್ತು."

"ಮತ್ತೆ ಯಾಕೆ ತೆಗೀಲಿಲ್ಲ?"

"ನೀವು ಬರೋದು ಕೆಟ್ಟ ದಿನಕ್ಕೆ ತಡ್ಕೊಳ್ಳತ್ತಾ ಅಂತ ನೋಡೋಕೆ ತಾನೇ, ಯಜಮಾನ್ರೇ. ನಮ್ಮನೇಲಿ ಕೆಟ್ಟ ದಿನ ಅಂದ್ರೆ ಇವ್ನು ಒಬ್ನೇ ಬಂದು ಹೋದ ದಿನ." ಅಕ್ಕ ಸೆರಗಿನಿಂದ ಗಾಜಿನ ಮೇಲಿನ ಬೆರಳಚ್ಚು ಒರೆಸಿದಳು. "ಪೈಪಿಗೆ ನಾನು ಗಾಳಿತೂತು ಕೊರೆಯೋಕೆ ಮೊದ್ಲೇ ಒಂದ್ಸಲ ಪ್ಲಗ್ ಕಿತ್ತು ನೋಡಿದ್ದೆ. ಅಷ್ಟೂ ನೀರು ಹಿಡಿಯೋ ಹಾಗೇ ಸಂಪು ಮಾಡಿದ್ದು. ಇವ್ನು ತೂತು ಕಂಡ್ರೆ ಬಿಡ್ತಾನಾ?"

ಯಜಮಾನರು ನಕ್ಕರು. ನಗುತ್ತಲೇ ಎದ್ದು, ಬಾಗಿಲ ಪಕ್ಕದ ಬಕೆಟ್ಟಿನ ಕಡೆ ಹೋದರು. "ಡಾಕ್ಟರಿಗೆ ಫೋನ್ ಮಾಡಿ ಬೇಡ ಅನ್ನಬೇಕು," ಎಂದರು. ನನ್ನತ್ತ ತಿರುಗಿ, "ನಿನ್ನ ಮೀಸೆಗೂ ಅವಳೇ ದಿಕ್ಕು," ಎಂದರು.

ನಾನು ಇನ್ನೂ ಮಂಡಿಯೂರಿಯೇ ಇದ್ದೆ. ಮೊಬೈಲಿನ ಬೆಳಕಿನಲ್ಲಿ ಮೇಲಿನ ಗೆರೆಯ ಪಕ್ಕದ ಸಣ್ಣ ಅಕ್ಷರ ಈಗ ಕಾಣುತ್ತಿತ್ತು. 'ತಮ್ಮ' ಎಂದು ಬರೆದಿದ್ದಳು. ಜಾಗ ದಂಡ ಎಂದು ನಾನು ಗೊಣಗಿದ್ದ ಆ ಜಾಗವನ್ನೆಲ್ಲ ನನಗಾಗಿಯೇ ಬಿಟ್ಟಿದ್ದಳು. ಕಣ್ಣು ಮಂಜಾಯಿತು. ಉಪ್ಪುನೀರು ತಾಗಿತೆಂದು ಸುಳ್ಳು ಹೇಳಿದೆ. ಅಕ್ಕ ನಂಬಲಿಲ್ಲ.

"ಎದ್ದೇಳು," ಎಂದಳು. "ಯಜಮಾನ್ರ ಕೈ ನಡುಗತ್ತೆ. ಬಕೆಟ್ ನೀನೇ ತಗೊಂಡು ಬಾ."

"ನಾನಾ?"

"ಇನ್ಯಾರು?"

ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ತುಳುಕದ ಹಾಗೆ, ಒಳಗೆ ತಂದೆ.