ಗುರುಬಸವನ ಗಾಡಿಯ ಸದ್ದು

ಮರಳಿ ಊರಿನಲ್ಲಿ ಗುರುಬಸವನ ಬೈಕು ಬಂತೆಂದರೆ ಯಾರೂ ತಿರುಗಿ ನೋಡಬೇಕಿರಲಿಲ್ಲ. ನಿಂತಲ್ಲೇ ಭರ್ರೋ ಎಂದು ಕೂಗುವುದು, ನಡುನಡುವೆ ಬಿಕ್ಕುವುದು. ಪುಣ್ಯಾತ್ಮ ಅಕ್ಕಿ ಮಿಲ್ಲಿನಲ್ಲಿದ್ದ. ತೌಡಿನ ಧೂಳಿಗೆ ಏರ್ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆಂದು ಅದನ್ನು ಕಿತ್ತೇ ಎಸೆದಿದ್ದ. ಧೂಳು ಸೀದಾ ಕಾರ್ಬುರೇಟರಿಗೆ ಹೋಗಿ ಗಾಡಿ ಬಂದ್ ಬೀಳತೊಡಗಿತು. ಸ್ವಚ್ಛ ಮಾಡಿಸುವುದು ಬಿಟ್ಟು, ಐಡಲ್ ಸ್ಕ್ರೂ ಬಿಗಿ ಮಾಡಿ ರೇಸ್ ಏರಿಸಿದ. ಮತ್ತೆ ಬಂದ್ ಬಿದ್ದರೆ ಮತ್ತಷ್ಟು ಬಿಗಿ. ಮಿಲ್ಲಿನ ಮಂದಿಯೆಲ್ಲ ಮಾಡುವುದು ಅದನ್ನೇ, ಯಾರಿಗೆ ಹೇಳುವುದು!

ಹೋದ ದೀಪಾವಳಿಯ ಮರುದಿನ ಎದೆನೋವೆಂದು ಕುಂತವನು ಮತ್ತೆ ಏಳಲಿಲ್ಲ. ಶ್ರೀರಾಮನಗರದ ಅದೇ ಮಿಲ್ಲಿನಲ್ಲಿ ಹೆಂಡತಿ ಸುನಿತಾಳಿಗೆ ಕೆಲಸ ಕೊಟ್ಟರು. ಅವಳು ಗಂಡನ ಗಾಡಿ ಹೊಡೆಯಲು ಕಲಿತಳು. "ಗೇರಿನ ಗಾಡಿ ಹೊಡೀತಾಳ ನೋಡವಾ, ಒಂದು ಹನಿ ಕಣ್ಣೀರಿಲ್ಲ" ಎಂದು ಓಣಿಯವರು ಆಡಿಕೊಂಡರು. ನಿಜ, ಅವಳು ಅತ್ತಿರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಖಾರ ಖಾರ ಅನ್ನಿಸುತ್ತಿರಲಿಲ್ಲ, ಬಿಸಿಲು ಬಿಸಿಲು ಅನ್ನಿಸುತ್ತಿರಲಿಲ್ಲ.

ಅತ್ತೆ ಗುರುಲಿಂಗಮ್ಮನೂ ಅತ್ತಿರಲಿಲ್ಲ. ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗುವಳು. ಸಂಜೆ ಓಣಿಯ ತಿರುವಿನಲ್ಲಿ ಆ ಸದ್ದು ಕೇಳಿತೋ, ಎದ್ದು ಒಲೆ ಹಚ್ಚಿ ರೊಟ್ಟಿ ಬಡಿಯುವಳು. ಬಂದದ್ದು ಸೊಸೆ ಎಂದು ಮುದುಕಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಏಳುವಳು, ತಾನೂ ಎರಡು ತುತ್ತು ತಿನ್ನುವಳು. ಆ ಸದ್ದು ಹೋದರೆ ಮುದುಕಿ ಏಳುವುದೇ ಇಲ್ಲವೆಂದು ಸುನಿತಾ ಗಾಡಿಯನ್ನು ರಿಪೇರಿಗೆ ಬಿಟ್ಟಿರಲಿಲ್ಲ.

ಆದರೆ ಆವತ್ತು ಭತ್ತದ ಲಾರಿಯ ಮುಂದೆಯೇ ಗಾಡಿ ಬಂದ್ ಬಿತ್ತು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ, ಕೆಳಗಿಳಿದು ಬಾಯಿಗೆ ಬಂದಂತೆ ಬೈದ. ಸುನಿತಾ ಗಾಡಿಯನ್ನು ಬದಿಗೆ ತಳ್ಳಿದಳು. ತಾನೂ ಹೋದರೆ ಮುದುಕಿಗೆ ಯಾರು ಎಂದುಕೊಂಡು ರಿಪೇರಿಗೆಂದು ಗಂಗಾವತಿಯ ದಾರಿ ಹಿಡಿದಳು.

ಮೆಕ್ಯಾನಿಕ್ ವಿರುಪಣ್ಣ ಕಾರ್ಬುರೇಟರ್ ಬಿಚ್ಚಿ ಹೌಹಾರಿದ. "ಅಯ್ಯ ಶಿವನ, ಎಮ್ಮಿಗೆ ಹಾಕೂವಷ್ಟು ತೌಡು ಐತಲ್ರಿ ಯಕ್ಕಾ ಇದ್ರಾಗ!"

"ಬಂದ್ ಬೀಳದಂಗ ಅಷ್ಟ ಮಾಡಿಕೊಡ್ರಿ ಅಣ್ಣಾರ. ಸದ್ದು ಹಂಗ ಇರ್ಲಿ."

"ಆ ಸದ್ದ ಅದರ ರೋಗ ಐತ್ರಿ. ರೋಗ ಹೋದ್ರ ಸದ್ದೂ ಹೋಗತೈತಿ. ಎರಡೂ ಬೇಕಂದ್ರ ಹೆಂಗ್ರಿ?"

ಸುನಿತಾ ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡಿದಳು. "ಮಾಡ್ರಿ" ಎಂದಳು.

ಅವನು ಪೆಟ್ರೋಲು ಹಾಯುವ ಸಣ್ಣ ಜೆಟ್ಟಿಗೆ ಗಾಳಿ ಹೊಡೆದ, ಹೊಸ ಫಿಲ್ಟರ್ ಕೂರಿಸಿದ. ಏರ್ ಸ್ಕ್ರೂ ಪೂರ್ತಿ ಒಳಗೆ ತಿರುವಿ, ಒಂದೂವರೆ ಸುತ್ತು ಹೊರಗೆ ಬಿಟ್ಟು ಚಾಲೂ ಮಾಡಿದ. ಬಿಸಿಯಾದ ಮೇಲೆ ಕಿವಿಗೊಟ್ಟು ಕೂದಲೆಳೆಯಷ್ಟು ಅತ್ತ ಇತ್ತ ತಿರುವಿ, ಕಡೆಗೆ ಐಡಲ್ ಸ್ಕ್ರೂ ಸಡಿಲಿಸಿ ರೇಸ್ ಇಳಿಸಿದ. ಬಿಕ್ಕುವುದು ನಿಂತಿತು. ಈಗ ಅದು ಯಾರ ಗಾಡಿಯಾದರೂ ಆಗಬಹುದಿತ್ತು.

ಸಂಜೆ ಮನೆಯ ಮುಂದೆ ಗಾಡಿ ನಿಲ್ಲಿಸಿ, ಬಂದ್ ಮಾಡದೆ ಕಾದಳು. ಒಲೆಯ ಹೊಗೆ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು.

"ಯಾರ್ರಿ ಅವರು? ಗುರು ಇಲ್ರಿ ಮನ್ಯಾಗ."

ಸುನಿತಾ ಗಾಡಿ ಬಂದ್ ಮಾಡಿದಳು.

"ಗುರು ಇಲ್ರಿ" ಎಂದಳು ಮುದುಕಿ ಮತ್ತೊಮ್ಮೆ, ಈ ಸಲ ಮೆಲ್ಲಗೆ. "ಹೋಗ್ಯಾನ್ರಿ ಅವ... ಸತ್ತು ಹೋಗ್ಯಾನ್ರಿ ನನ್ನ ಮಗ."

ಆಮೇಲೆ ಎದ್ದ ಅಳು ಓಣಿಗೆಲ್ಲ ಕೇಳಿತು. ಸುನಿತಾ ಒಳಗೆ ಓಡಿ ಅತ್ತೆಯನ್ನು ತಬ್ಬಿ ಹಿಡಿದಳು. ಮುದುಕಿ ಎದೆ ಎದೆ ಬಡಿದುಕೊಂಡು ಅತ್ತಳು. ಅತ್ತು ಅತ್ತು, ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ನೀನೂ ಅತ್ತು ಬಿಡ ನನ್ನ ಮಗಳ. ಎಷ್ಟಂತ ಹಿಡ್ಕೋತಿ?"

ಸುನಿತಾ ಅಳಲೆಂದೇ ಬಾಯಿ ತೆರೆದಳು. ಏನೂ ಬರಲಿಲ್ಲ. ಮುದುಕಿ ಅವಳ ಒಣ ಕೆನ್ನೆಯನ್ನೇ ಸೆರಗಿನಿಂದ ಒರೆಸುತ್ತ ಕುಂತಳು.