ರೇವವ್ವನ ಉಪ್ಪಿನ ಡಬ್ಬಿ

ರೇವವ್ವನ ಅಕ್ಕ ಶಂಕ್ರೆವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಅವಳು ತಂಗಿಯ ತೋಟದಲ್ಲಿ ನೆಟ್ಟ ಲಿಂಬೆಗಿಡ ಈ ಸಲದ ಮುಂಗಾರು ಗಾಳಿಗೆ ಬುಡಸಮೇತ ಉರುಳಿತು. ಅದರ ಕಡೆಯ ಹಣ್ಣುಗಳ ಬೀಜದಿಂದ ರೇವವ್ವ ಇಂಡಿ ಹತ್ತಿರದ ತನ್ನ ತೋಟದಲ್ಲಿ ಅರವತ್ತು ಸಸಿ ಎಬ್ಬಿಸಿದ್ದಳು. ಬೇರೆ ಲಿಂಬೆಗಿಡ ತೋಟದಲ್ಲಿ ಬೇಕಾದಷ್ಟಿದ್ದವು. ಅಕ್ಕನದೆಂದು ಉಳಿದದ್ದು ಇಷ್ಟೇ.

ಆ ಸಸಿಗಳಿಗೆ ಬಸವನಹುಳುಗಳು ಗಂಟುಬಿದ್ದವು. ಬೆಳಗಾದರೆ ಎರಡು ಮೂರು ಸಸಿ ಬರೀ ಕಡ್ಡಿ. ಮಣ್ಣಿನ ಬಣ್ಣದ ಕಳ್ಳ ಜಾತಿ, ಸುಲಭಕ್ಕೆ ಕೈಗೆ ಸಿಗುವಂಥದ್ದಲ್ಲ. ಒಂದು ಮುಸ್ಸಂಜೆ ಸಸಿಮಡಿಯ ಅಂಚಿನ ತೊಯ್ದ ಗೋಣಿತಟ್ಟು ಎತ್ತಿದರೆ, ಬಸವನಹುಳುವಿನ ಚಿಪ್ಪೊಂದರಲ್ಲಿ ಕಪ್ಪು ಹುಳವೊಂದು ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ಬಾಲದ ತುದಿಯಲ್ಲಿ ಎರಡು ಹಸಿರು ಚುಕ್ಕೆ ಮಿಣಮಿಣ ಎನ್ನುತ್ತಿದ್ದವು.

"ಇಲ್ಲೇ ಮರಿ ಹಾಕಾಕತ್ತಾವು ನೋಡು, ಹಾಳಾದವು!"

ಮರಿ ತೀರಿಸಿದರೆ ಸಂತಾನವೇ ತೀರಿತೆಂದು ಅವಳ ನಂಬಿಕೆ. ಅಂದಿನಿಂದ ದಿನಾ ಸಂಜೆ ಉಪ್ಪುನೀರಿನ ಡಬ್ಬಿ ಹಿಡಿದು ಕೂತಳು. ದೊಡ್ಡವು ಸಿಗದಿದ್ದರೇನು, ಮರಿಗಳು ತಾವೇ ದೀಪ ಹಚ್ಚಿಕೊಂಡು ಜಾಗ ತೋರಿಸಿಕೊಡುತ್ತಿದ್ದವು, ಅವಳು ಹೆಕ್ಕಿ ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದಳು. ರೇವವ್ವನ ಹಟ ಗೊತ್ತಲ್ಲ, ಹಿಡಿದರೆ ಹಿಡಿದದ್ದೇ. ಹದಿನೈದು ದಿನದಲ್ಲಿ ಮಡಿಯಲ್ಲಿ ಒಂದು ಬೆಳಕೂ ಉಳಿಯಲಿಲ್ಲ.

ಸಸಿ ಮಾತ್ರ ಮೊದಲಿಗಿಂತ ಬೇಗ ಕರಗಿದವು. ಹನ್ನೊಂದೇ ಉಳಿದಾಗ ಪಕ್ಕದ ತೋಟದ ಗೈಬುಸಾಬನನ್ನು ಕರೆದಳು. ನಲವತ್ತು ವರ್ಷ ಲಿಂಬೆ ಸಸಿ ಬೆಳೆಸಿದ ಮುದುಕ. ಅವನು ಸಸಿ ನೋಡುವ ಮೊದಲೇ ಡಬ್ಬಿಯಲ್ಲಿ ಸತ್ತು ಬಿದ್ದ ಹುಳಗಳನ್ನು ನೋಡಿ ನಿಂತುಬಿಟ್ಟ.

"ಇವನ್ನ ಯಾಕ ಕೊಂದಿ, ರೇವವ್ವಾ?"

"ಬಸವನಹುಳದ ಮರಿ ಅಲ್ಲೇನ್ರಿ ಕಾಕಾ? ಚಿಪ್ಪಿನಾಗಿಂದ ಹೊರಗ ಬರತಿದ್ದವು."

"ಹೊರಗ ಬರತಿದ್ದಿಲ್ಲವ್ವಾ, ಒಳಗ ಹೊಕ್ಕು ತಿನ್ನತಿದ್ದವು. ಮಿಂಚುಹುಳದ ಮರಿ ಇವು. ತಿಂಗಳಾನುಗಟ್ಟಲೆ ಮಣ್ಣಾಗ ಇದ್ದು, ಬಸವನಹುಳ ತಿಂದು ಬೆಳಿತಾವು. ಆಮ್ಯಾಲ ಮಣ್ಣಾಗ ಸಣ್ಣ ಗೂಡು ಮಾಡಿ ಮಲಗತಾವು. ಬರೋ ಮಿರಗದ ಮಳಿಗೆ ರೆಕ್ಕಿ ಬರತಿದ್ದವು ಇವಕ್ಕ."

ರೇವವ್ವ ಡಬ್ಬಿಯೊಳಗೆ ಬಗ್ಗಿ ನೋಡಿದಳು. ಪ್ರತಿ ಮುಂಗಾರಿನ ಆರಂಭಕ್ಕೆ, ಮಿರಗದ ಮೊದಲ ಮಳೆ ಬಿದ್ದ ಸಂಜೆ ಅಕ್ಕ ತಂಗಿ ಆ ಗಿಡದ ಕೆಳಗೇ ಕೂಡುತ್ತಿದ್ದರು, ಗಿಡದ ತುಂಬ ಮಿಂಚುಹುಳ. ಅವು ಹಾರುವುದನ್ನು ಪ್ರತಿ ವರ್ಷ ನೋಡಿದ್ದಳು, ತೆವಳುವ ಕಾಲವೊಂದಿದೆ ಎಂದು ತಿಳಿದಿರಲಿಲ್ಲ. ಅಕ್ಕನ ಗಿಡ ಉಳಿಸಲು ಹೋಗಿ, ಅದನ್ನು ಕಾಯುತ್ತಿದ್ದ ಜೀವಗಳನ್ನೇ ಹುಡುಕಿ ಹುಡುಕಿ ಕೊಂದಿದ್ದಳು.

"ನನ್ನ ಕೈ ಸೇದಿ ಹೋಗಲಿ," ಎಂದು ಡಬ್ಬಿ ಒಗೆದಳು.

ಆಮೇಲೆ ಮೂರು ಸಂಜೆ ಮಡಿಯ ಪಕ್ಕದಲ್ಲಿ ಕೂತು ಕಾದಳು. ಒಂದೂ ಬೆಳಕು ಕಾಣಲಿಲ್ಲ. ಸಸಿ ಆರಕ್ಕಿಳಿದವು. ನಾಲ್ಕನೆಯ ಸಂಜೆ, ಉರುಳಿದ ಗಿಡದ ಬೊಡ್ಡೆಯ ಮಗ್ಗುಲಲ್ಲಿ ಎರಡು ಹಸಿರು ಚುಕ್ಕೆ ಕಂಡವು. ಎತ್ತಿ ತಂದು ಮಡಿಯಲ್ಲಿ ಬಿಡಬೇಕೆಂದು ಕೈ ಚಾಚಿದವಳು, ಉಪ್ಪಿನ ಕೈ ಎಂದು ನೆನಪಾಗಿ ಹಿಂದೆ ತೆಗೆದಳು. ಸೀರೆಗೆ ಮೂರು ಸಲ ಒರೆಸಿಕೊಂಡರೂ ಮುಟ್ಟುವ ಧೈರ್ಯ ಬರಲಿಲ್ಲ. ಮಡಿಯೆಲ್ಲ ತಡಕಾಡಿ ಬಸವನಹುಳುವೊಂದನ್ನು ಎಲೆಯಲ್ಲಿ ಹಿಡಿದು ತಂದು ಅದರ ಮುಂದಿಟ್ಟಳು.

ಮಿಂಚುಹುಳದ ಮರಿ ಮುದುಡಿಕೊಂಡಿತು. ಬೆಳಕು ಆರಿತು.

"ತಿನ್ನ, ನಮ್ಮವ್ವ," ಎಂದಳು ರೇವವ್ವ ಅಳುತ್ತ. "ಇದಕ್ಕ ಉಪ್ಪ ಹಚ್ಚಿಲ್ಲ."