ತಕ್ಕಡಿ ಕೋಣೆಯ ಕಲ್ಲು

ಪೊಲೀಸಿನವನು ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

‘ಅಲ್ಲಾಡಿಸಬೇಡಿ,’ ಎಂದಳು ಶಿವರತ್ನ.

‘ಎನ್ನಮ್ಮಾ ಇದು? ಸೀಸೆನಾ?’ ತಮಿಳು ಬೆರೆತ ಕನ್ನಡ.

‘ಅಲ್ಲ. ತೂಕದ ಪೆಟ್ಟಿಗೆ.’

ಯಳಂದೂರು ದಾಟಿ, ಮೈಸೂರು ಮುಗಿದು ಮದರಾಸು ಶುರುವಾಗುವ ಕಡೆ ಬಸ್ಸು ನಿಂತಿತ್ತು. ಆಚೆ ಕುಡಿತಕ್ಕೆ ನಿಷೇಧ. ಈಚೆಯಿಂದ ಬರುವ ಪ್ರತಿ ಗಂಟಿನಲ್ಲೂ ಸಾರಾಯಿ ಇರಬಹುದು ಎಂಬ ನಂಬಿಕೆಯ ಮೇಲೆ ಅವನ ಸಂಬಳ ನಿಂತಿತ್ತು. ಅವನು ಮುಚ್ಚಳ ತೆರೆದ. ನೀಲಿ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು. ಕೊನೆಯ ಗುಳಿಯಲ್ಲಿ ಮೀನಿನ ಪೊರೆಯಂಥ ತಗಡಿನ ಚೂರು.

‘ಇಷ್ಟು ಸಣ್ಣದ್ರಲ್ಲಿ ಏನಮ್ಮ ತೂಕ ಹಾಕ್ತೀರಿ?’

‘ಏನು ಬೇಕಾದರೂ.’

ಅವನಿಗೆ ಅದು ಕೊಂಕಾಗಿ ಕೇಳಿಸಿತು. ಮುಚ್ಚಳ ಬಡಿದು ಕೊಟ್ಟ. ಬಸ್ಸು ಹೊರಟಿತು.

ಪೆಟ್ಟಿಗೆ ಅವರದು, ಅವಳ ಯಜಮಾನರದು. ಹನ್ನೊಂದು ದಿನದ ಜ್ವರದಲ್ಲಿ ಅವರು ಹೋಗಿ ಎರಡು ವರ್ಷ. ಅವರು ಪಾಠ ಹೇಳುತ್ತಿದ್ದ ರಸಾಯನಶಾಸ್ತ್ರ ವಿಭಾಗದಲ್ಲೇ ಅವಳಿಗೆ ಡೆಮಾನ್‌ಸ್ಟ್ರೇಟರ್ ಕೆಲಸ ಕೊಟ್ಟರು. ತಕ್ಕಡಿ ಕೋಣೆಯ ಉಸ್ತುವಾರಿ. ಸಂತಾಪ ಸಭೆಯಲ್ಲಿ ಪ್ರೊಫೆಸರು ಕನ್ನಡಕ ಒರೆಸಿಕೊಂಡು, ಆ ಕೋಣೆಗೆ ಅವರ ಹೆಸರೇ ಇರುತ್ತದೆ ಎಂದಿದ್ದರು. ಮಾರನೆಯ ದಿನ ಬಾಗಿಲ ಮೇಲೆ ಹೆಸರು ಬರೆದ ಒಂದು ರಟ್ಟು ಬಂತು. ‘ಸದ್ಯಕ್ಕೆ ರಟ್ಟು. ಕಲ್ಲು ಆಮೇಲೆ,’ ಎಂದರು ಪ್ರೊಫೆಸರು.

ಈಗ ಸೂರು ಸೋರುತ್ತಿತ್ತು. ಮಳೆಗಾಲದಲ್ಲಿ ಮೂರು ತಕ್ಕಡಿಗಳಿಗೂ ಮೇಣದ ಬಟ್ಟೆ ಹೊದಿಸಿ ಅವಳು ಬಕೆಟ್ಟು ಇಡುತ್ತಿದ್ದಳು. ವಿಶ್ವವಿದ್ಯಾಲಯದಿಂದ ಬಂದ ಕಾಗದ ಚಿಕ್ಕದಾಗಿತ್ತು: ದಾನಿಗಳನ್ನು ಹುಡುಕಿಕೊಳ್ಳತಕ್ಕದ್ದು, ಇಲ್ಲವಾದರೆ ಮಾರ್ಚಿಯಿಂದ ಕೋಣೆಯನ್ನು ಸಸ್ಯಶಾಸ್ತ್ರದವರ ಉಗ್ರಾಣಕ್ಕೆ ಬಿಟ್ಟುಕೊಡತಕ್ಕದ್ದು. ಕೋಣೆ ಹೋದರೆ ಅವಳ ಕೆಲಸವೂ ಹೋಗುತ್ತದೆ ಎಂದು ಕಾಗದದಲ್ಲಿರಲಿಲ್ಲ. ಬರೆಯಬೇಕಾದ ಅಗತ್ಯವಿರಲಿಲ್ಲ.

‘ಕೊಳ್ಳೇಗಾಲದ ಸದಾಶಿವಪ್ಪನವರು ಒಪ್ಪುವ ಹಾಗಿದೆ,’ ಎಂದಿದ್ದರು ಪ್ರೊಫೆಸರು ಶನಿವಾರ. ‘ರೇಷ್ಮೆ ವರ್ತಕರು. ಹೆಸರಿನ ವಿಷಯ ಬಂದರೆ…’

‘ಬಂದರೆ?’

‘ನೀವೇ ನೋಡಿಕೊಳ್ಳಿ. ಕೋಣೆ ನಿಮ್ಮದೇ ಅಲ್ಲವೇ.’ ಅವರು ಕಿಟಕಿಯತ್ತ ತಿರುಗಿದ್ದರು. ಹಾಗೆ ತಿರುಗುವುದಕ್ಕಾಗಿಯೇ ಆ ಕಿಟಕಿ ಇಟ್ಟಿರಬೇಕು.

ಕೊಳ್ಳೇಗಾಲದಲ್ಲಿ ಬಸ್ಸಿಳಿದಾಗ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬಂತು. ಸದಾಶಿವಪ್ಪನ ಮನೆ ಕೇಳಬೇಕಾಗಲಿಲ್ಲ. ವಾಸನೆ ಹೆಚ್ಚಾಗುತ್ತ ಹೋದ ಕಡೆಗೇ ಇತ್ತು.

ಹಜಾರದ ಗಾದಿಯ ಮೇಲೆ ವಿಭೂತಿ ಧರಿಸಿದ, ಅರವತ್ತರ ಹತ್ತಿರದ ದಪ್ಪ ಮನುಷ್ಯ. ಪಕ್ಕದಲ್ಲಿ ಗುಮಾಸ್ತ ಪುಟ್ಟಬಸಪ್ಪ. ಅವಳು ವಿಭಾಗದ ವಿಷಯ ಹೇಳಿದಳು, ಹುಡುಗರ ಸಂಖ್ಯೆ ಹೇಳಿದಳು, ಸೂರು ಹೇಳಿದಳು. ಬಾಯಿಪಾಠದ ಹಾಗೆ ಬಂತು.

‘ಒಂದು ತಕ್ಕಡೀಗೆ ಒಂದು ಮನೇನಾ ಕಣವ್ವ?’ ಎಂದ ಸದಾಶಿವಪ್ಪ. ‘ನಮ್ ಅಂಗಡೀಲಿ ಮೂರು ತಕ್ಕಡಿ ಅವೆ. ಒಂದುಕ್ಕೂ ಬಾಗ್ಲಿಲ್ಲ.’

‘ಗಾಳಿ ಆಡಬಾರದು. ಉಸಿರು ತಗುಲಿದರೂ ಮುಳ್ಳು ಅಲ್ಲಾಡುತ್ತೆ.’

‘ನಮ್ ತಕ್ಕಡಿ ಮುಂದೂ ಅಂಗೇಯ,’ ಎಂದ ಪುಟ್ಟಬಸಪ್ಪ. ‘ಗೂಡು ತಂದ ರೈತ್ರು ಉಸ್ರು ಇಡ್ಕಂಡೇ ನಿಂತಿರ್ತಾರೆ.’

‘ಸುಮ್ಕಿರ್ಲಾ.’ ಆದರೆ ಅವನೂ ನಕ್ಕ. ‘ಅದೇನೋ ತಂದಿವ್ರಂತಲ್ಲ, ತೋರ್ಸಿ.’

ಅವಳು ಪೆಟ್ಟಿಗೆ ತೆರೆದಳು. ಚಿಮಟ ಎತ್ತಿಕೊಳ್ಳುವ ಮೊದಲೇ ಅವನ ಹೆಬ್ಬೆರಳು ಕೊನೆಯ ಗುಳಿಗೆ ಇಳಿದಿತ್ತು. ತಗಡಿನ ಚೂರು ಬೆವರಿಗೆ ಅಂಟಿಕೊಂಡು ಮೇಲೆ ಬಂತು. ಕೈ ಮುಟ್ಟಿದ ತೂಕ ಆಮೇಲೆ ಸುಳ್ಳು ಹೇಳುತ್ತದೆ. ಮೊದಲ ವರ್ಷದ ಹುಡುಗರಿಗೆ ಅವಳು ಹೇಳಿಕೊಡುವ ಮೊದಲ ಮಾತು ಅದು. ಈಗ ಚಿಮಟವನ್ನು ಪೆಟ್ಟಿಗೆಯಲ್ಲೇ ಬಿಟ್ಟಳು.

‘ಇದು ತೂಕ್ವಾ! ಉಫ್ ಅಂದ್ರೆ ಓಯ್ತದೆ. ಇದ್ರಲ್ಲಿ ಏನ ತೂಗೀರಿ?’

‘ಕಾಗದದ ಮೇಲೆ ಒಂದು ಹೆಸರು ಬರೆದರೆ ಅದರ ತೂಕವೂ ಸಿಗುತ್ತೆ.’

ಹೇಳಬಾರದಿತ್ತು.

ಮದುವೆಯಾದ ವರ್ಷದ ಒಂದು ಮಧ್ಯಾಹ್ನ. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲವೆಂದು ಅವರಿಗೆ ನಗು. ತಾಯಿ ಹೇಳಿದವಳಲ್ಲ, ಅಜ್ಜಿ ಹೇಳಿದವಳಲ್ಲ. ಇವಳು ಎಂ.ಎಸ್ಸಿ. ಓದಿಯೂ ಹೇಳಲಿಲ್ಲ. ‘ಹೇಳಬೇಡ. ಬರಿ,’ ಎಂದು ಅವರು ಚೀಟಿಯೊಂದನ್ನು ತೂಗಿ ಅವಳ ಮುಂದಿಟ್ಟಿದ್ದರು. ಅವಳು ಸೀಸದಕಡ್ಡಿಯಲ್ಲಿ ಬರೆದಳು. ಮತ್ತೆ ತೂಗಿದರು. ಮಿಲಿಗ್ರಾಮಿನ ಹತ್ತರಲ್ಲಿ ಮೂರು ಪಾಲು ಹೆಚ್ಚು. ‘ನೋಡು, ಇಷ್ಟೇ ನಾನು. ಇದನ್ನ ನಾಲಿಗೆ ಎತ್ತಲಾರದಾ?’

ಎತ್ತಲಿಲ್ಲ. ಸಾವಿನ ದಾಖಲೆ ಮಾಡಿಸುವಾಗಲೂ ಚೀಟಿಯಲ್ಲಿ ಬರೆದೇ ಕೊಟ್ಟಿದ್ದಳು.

‘ನಮ್ಮವ್ವ ದೊಡ್ಡಬಸಮ್ಮ,’ ಸದಾಶಿವಪ್ಪ ಹೇಳುತ್ತಿದ್ದ, ‘ರೇಷ್ಮೆ ಲಡಿ ಅಂಗೈ ಮ್ಯಾಲೆ ಇಕ್ಕಂಡು ಇಂತಿಷ್ಟು ತೊಲ ಅನ್ನೋಳು. ತಕ್ಕಡಿ ತಪ್ಪದು, ದೊಡ್ಡಬಸಮ್ಮ ತಪ್ಪಳು. ಅವಳ ಎಸ್ರಲ್ಲಿ ಕೊಡೀನಿ. ಹೆಂಗೂ ನಾವೂ ಮೈಸೂರು ರಾಜ್ಯಕ್ಕೇ ಸೇರ್ತೀವಂತಲ್ಲ ಬರೋ ವರ್ಸ. ಆದ್ರೆ ನಂದೊಂದು ಪದ್ಧತಿ. ಮೊದ್ಲು ಕಲ್ಲು. ಕಲ್ಲು ಗೋಡೆಗೆ ಕೂತ ಮ್ಯಾಲೆ ದುಡ್ಡು.’

‘ಯಾಕೆ?’

‘ಯಾಕಾ? ನಮ್ಮಪ್ಪ ಒಂದು ಛತ್ರಕ್ಕೆ ಕೊಟ್ಟಿದ್ದ. ಎಸ್ರು ಕೆತ್ಸಿ ಕಲ್ಲು ಇಕ್ಕಿದ್ರು. ಅವನು ಓದ ಮ್ಯಾಲೆ ಇನ್ನೊಬ್ಬ ಕೊಟ್ಟ. ಇವನ ಕಲ್ಲ ಕಿತ್ತು ಹಿತ್ಲಲ್ಲಿ ಬಟ್ಟೆ ಒಗಿಯಕ್ಕೆ ಆಕ್ಕಂಡಿದ್ರು. ನನ್ ಕಣ್ಣಾರೆ ಕಂಡೆ. ನಮ್ಮಪ್ಪನ ಎಸ್ರಿನ ಮ್ಯಾಲೆ ಸೀರೆ ಕುಕ್ಕತಾ ಇದ್ಲು ಒಬ್ಳು.’

ಪುಟ್ಟಬಸಪ್ಪ ನಗಲಿಲ್ಲ. ಈ ಕತೆಗೆ ನಗಬಾರದೆಂದು ಅವನಿಗೆ ಗೊತ್ತಿತ್ತು.

‘ಅದುಕ್ಕೇ ಕೇಳೋದು ಕಣವ್ವ. ನಿಮ್ ಮೇಷ್ಟ್ರು ಬರ್ದವ್ರೆ, ಕೋಣೆ ವಿಚಾರ ಅವಮ್ಮನ್ನೇ ಕೇಳಿ ಅಂತ. ಈಗ ಆ ಬಾಗ್ಲ ಮ್ಯಾಲೆ ಯಾರ್ದಾರ ಎಸ್ರೈತಾ? ಇದ್ರೆ ಏಳ್ಬುಡಿ. ಇನ್ನೊಬ್ರುನ್ನ ಕಿತ್ತು ನಮ್ಮವ್ವನ್ನ ಕೂರ್ಸಕ್ಕಿಲ್ಲ. ಬೇರೆ ಏನಾರ ದಾರಿ ನೋಡವ.’

ಎಷ್ಟು ಸುಲಭವಾಗಿತ್ತು. ನಮ್ಮ ಯಜಮಾನರದು ಎಂದರೆ ಸಾಕು. ಆದರೆ ಮುಂದಿನ ಪ್ರಶ್ನೆ ಆಗಲೇ ಅವನ ಮುಖದಲ್ಲಿತ್ತು. ಎಸ್ರೇನು? ಗುಮಾಸ್ತ ತಲೆಯೆತ್ತಿದ್ದ. ಅವಳ ನಾಲಿಗೆ ಮೊದಲ ಅಕ್ಷರದ ಜಾಗಕ್ಕೆ ಹೋಗಿ ನಿಂತಿತು.

‘ಯಾರದೂ ಇಲ್ಲ,’ ಎಂದಳು.

‘ಸರಿ ಆಯ್ತು ಬುಡಿ.’

ಇಷ್ಟೇ. ಬೀದಿಯಲ್ಲಿ ಯಾರೋ ಗಾಡಿಯ ಎತ್ತನ್ನು ಬಯ್ಯುತ್ತಿದ್ದರು. ಅವಳು ಏನಾದರೂ ಆಗಬಹುದೆಂದು ಕಾದಳು. ಎದೆಯಲ್ಲಿ, ಕಣ್ಣಲ್ಲಿ, ಎಲ್ಲಾದರೂ. ಮುಳ್ಳು ಅಲ್ಲಾಡಲಿಲ್ಲ.

ಹಿತ್ತಲಿನಲ್ಲಿ ಕಲ್ಲು ಸಿದ್ಧವಿತ್ತು. ಬಂಡಳ್ಳಿ ಕಡೆಯ ಕರಿಕಲ್ಲು, ಮೊಳಕ್ಕಿಂತ ಸ್ವಲ್ಪ ಉದ್ದ, ನುಣ್ಣಗೆ ಉಜ್ಜಿದ್ದು. ಮೇಲೊಂದು ಲಿಂಗ ಕೆತ್ತಿ ಆಗಿತ್ತು. ಹನೂರಿನಿಂದ ಬಂದ ಕಲ್ಲುಕುಟಿಗ ಬಿಳಿಗಿರಿ ಬೀಡಿ ಆರಿಸಿ ಎದ್ದ.

‘ಎಸ್ರು ಒಂದು ಬುಟ್ಟಿವ್ನಿ ಸಾ. ಯಾರಾನ ಬರ್ದು ಕೊಡ್ಲಿ. ನಂಗೆ ಓದಕ್ಕೆ ಬರಾಕಿಲ್ಲ. ಗೆರೆ ಕಂಡಂಗೆ ಕೆತ್ತೋನು.’

‘ಅವಮ್ಮನೇ ಬರೀಲಿ,’ ಎಂದ ಸದಾಶಿವಪ್ಪ. ‘ಓದ್ದೋರ ಕೈ. ಪುಟ್ಟಬಸಪ್ಪನ ಅಕ್ಸರ ಎತ್ತು ಉಚ್ಚೆ ಉಯ್ದಂಗಿರ್ತದೆ.’

ಪುಟ್ಟಬಸಪ್ಪ ಸುಣ್ಣದ ಕಡ್ಡಿ ತಂದುಕೊಟ್ಟು ಯಜಮಾನನ ಹಿಂದೆಯೇ ಒಳಗೆ ಹೋದ. ಅವಳೂ ಬಿಳಿಗಿರಿಯೂ ಉಳಿದರು. ಓದು ಬಾರದ ಬಿಳಿಗಿರಿ.

ಅವರ ಹೆಸರು ಬರೆಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಬರೆಯಬಾರದೆಂದು ತಾಯಿ ಹೇಳಿರಲಿಲ್ಲ. ತಾಯಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಮಂಡಿಯೂರಿ ಕೂತು ಕಲ್ಲಿನ ಮೇಲೆ ಕಡ್ಡಿಯಿಟ್ಟಳು. ಕಲ್ಲು ಬಿಸಿಲಿಗೆ ಕಾದಿತ್ತು. ಕೈ ತಾನಾಗಿ ಏನು ಬರೆಯುತ್ತದೋ ನೋಡೋಣ ಎಂಬ ಕುತೂಹಲ ಬಂತು, ಇನ್ನೊಬ್ಬರ ಪ್ರಯೋಗ ನೋಡುವಾಗಿನಂಥದು.

ದೊಡ್ಡಬಸಮ್ಮ, ಎಂದು ಬರೆಯಿತು. ಅಕ್ಷರಗಳು ದುಂಡಾಗಿದ್ದವು.

‘ಕೆಳಗೆ ಇನ್ನೊಂದು ಸಾಲಿನ ಜಾಗ ಮಿಕ್ಕೈತೆ,’ ಎಂದ ಬಿಳಿಗಿರಿ. ‘ಬೇರೆ ಏನಾರ ಬರೀತೀರಾ?’

‘ಬೇಡ.’

‘ಖಾಲಿ ಕಾಣ್ತದೆ.’

‘ಕಾಣಲಿ.’

ಊಟಕ್ಕೆ ಕರೆದರು. ಸದಾಶಿವಪ್ಪನ ಹೆಂಡತಿ ಬಸವಮ್ಮ ಬಡಿಸಿದಳು. ಹಿತ್ತಲಿನಿಂದ ಉಳಿಯ ಸದ್ದು ಬರುತ್ತಿತ್ತು. ಸಣ್ಣ ಸದ್ದು, ಬಿಡುವು, ಸಣ್ಣ ಸದ್ದು.

‘ನಿಮ್ಮೋರೂ ಅಲ್ಲೇ ಮೇಷ್ಟ್ರಾಗಿದ್ರಾ?’

‘ಹೂಂ.’

‘ಎಸ್ರು…’ ಬಸವಮ್ಮ ಸೌಟು ಹಿಡಿದೇ ನಾಲಿಗೆ ಕಚ್ಚಿಕೊಂಡು ನಕ್ಕಳು. ‘ನೋಡಿ, ಹೆಂಗಸ್ರ ಬಾಯಲ್ಲಿ ಕೇಳ್ತಾ ಇವ್ನಿ. ಓಟಿನ ಪಟ್ಟಿ ಬರ್ಕಳೋರು ಬಂದಿದ್ರಲ್ಲ, ಗಂಡನ ಎಸ್ರೇನಮ್ಮ ಅಂದ್ರು. ಪುಟ್ಟಬಸಪ್ಪನ್ನ ಕೂಗಿ ಅವನ ಬಾಯಲ್ಲಿ ಏಳಿಸ್ದೆ. ನೀವು ಓದ್ದೋರು, ಏಳ್ತೀರೇನೋ.’

‘ಇಲ್ಲ.’

‘ನೀವೂನಾ?’ ಬಸವಮ್ಮನಿಗೆ ಏನೋ ಸಮಾಧಾನವಾಯಿತು. ಇನ್ನೊಂದು ಮುದ್ದೆ ಇಟ್ಟಳು. ‘ಅಂಗೇ ಇರ್ಬೇಕು ಕಣವ್ವ. ಅವರ ಆಯಸ್ಸು ಕಮ್ಮಿಯಾಯ್ತದಂತೆ, ಏಳಿದ್ರೆ.’

ಹೇಳಿ ಮುಗಿಸಿದ ಮೇಲೆ ಮಾತು ಎಲ್ಲಿಗೆ ಹೋಗಿ ಬಿತ್ತೆಂದು ಬಸವಮ್ಮನಿಗೆ ಗೊತ್ತಾಯಿತು. ಅವಳು ಒಳಗೆ ಹೋದಳು. ಸಾರು ತರಲು ಬಹಳ ಹೊತ್ತು ಹಿಡಿಯಿತು.

ಶಿವರತ್ನ ಸದ್ದು ಎಣಿಸಿದಳು. ಈಗ ಮೊದಲ ಅಕ್ಷರ. ಎದ್ದು ಹೋಗಿ, ತಾಳು, ಕೆತ್ತಬೇಡ ಎನ್ನಬಹುದು. ಈಗ ಎರಡನೆಯದು, ಒತ್ತು ಇದೆ, ನಿಧಾನವಾಗುತ್ತದೆ. ಮುದ್ದೆ ಗಂಟಲಲ್ಲಿ ಇಳಿಯಿತು. ಕಾಗದದ ಮೇಲೆ ಬರೆದ ಹೆಸರು ಕಾಗದದ ತೂಕ ಹೆಚ್ಚಿಸುತ್ತದೆ. ಕಲ್ಲಿನಲ್ಲಿ ಕೆತ್ತಿದ ಹೆಸರು ಕಲ್ಲಿನ ತೂಕ ಇಳಿಸುತ್ತದೆ. ಅವರಿಗೆ ಹೇಳಿದ್ದರೆ ಇಷ್ಟವಾಗುತ್ತಿತ್ತು. ಮೂರನೆಯದು. ನಾಲ್ಕು. ಅವಳು ಕೈ ತೊಳೆದುಕೊಂಡಾಗ ಸದ್ದು ಇನ್ನೂ ಇತ್ತು.

ಸಂಜೆಯ ಬಸ್ಸಿಗೆ ಕಲ್ಲನ್ನು ಇಬ್ಬರು ಆಳುಗಳು ಹೊತ್ತು ತಂದರು. ‘ನಿಮ್ ಜತೆಗೇ ಓಗ್ಲಿ,’ ಎಂದಿದ್ದ ಸದಾಶಿವಪ್ಪ. ‘ಕೂತ ದಿನ ಕಾಗ್ದ ಬರೀರಿ. ನಾನೇ ಬಂದು ಕಂಡು ದುಡ್ಡು ಕೊಟ್ಟು ಓಯ್ತೀನಿ. ನಿಮ್ ಮೇಷ್ಟ್ರಿಗೆ ಏಳಿ, ಒಳ್ಳೇ ಹೆಣ್ಮಗಳ್ನೇ ಕಳಿಸಿದ್ರು ಅಂತ.’

‘ಮೇಲಕ್ಕಾಕ್ರಪ್ಪ,’ ಎಂದ ಕಂಡಕ್ಟರು.

‘ಮ್ಯಾಲಿಂದ ಬಿದ್ರೆ ಒಡ್ದೋಯ್ತದೆ. ಎಸ್ರಿನ ಕಲ್ಲು,’ ಎಂದ ಒಬ್ಬ ಆಳು.

‘ಒಳಗಾದ್ರೆ ಸೀಟಿನ ಜಾಗ ತಿಂತದೆ. ಅರ್ಧ ಟಿಕೀಟು.’

ಅವಳು ಒಂದೂವರೆ ಟಿಕೀಟು ಕೊಂಡಳು. ಕಲ್ಲನ್ನು ಅವಳ ಪಕ್ಕ, ಸೀಟಿಗೆ ಒರಗಿಸಿ ನಿಲ್ಲಿಸಿದರು. ಗೋಣಿಯ ಹೊದಿಕೆ ಹಾಕಿದ್ದರು. ಎರಡನೆಯ ತಿರುವಿಗೇ ಅದು ಜಾರಿಬಿತ್ತು.

ಪ್ರೊಫೆಸರು ಸಂತೋಷಪಡುತ್ತಾರೆ. ಏನೂ ಕೇಳುವುದಿಲ್ಲ. ಅಟೆಂಡರು ರಟ್ಟು ಬಿಚ್ಚಿ ಅವಳ ಕೈಗೆ ಕೊಡುತ್ತಾನೆ, ‘ಇದೇನು ಮಾಡಲಿ ಅಮ್ಮ?’ ಎನ್ನುತ್ತಾನೆ. ಸೂರು ಸೋರುವುದಿಲ್ಲ. ಮಾರ್ಚಿ ಬರುತ್ತದೆ, ಅವಳು ಇರುತ್ತಾಳೆ. ಎಲ್ಲ ಸರಿಯಾಗಿತ್ತು. ಸರಿಯಾಗಿರುವುದನ್ನು ಅವಳು ಎರಡು ಸಲ ಪರೀಕ್ಷಿಸಿ ನೋಡಿದಳು, ಲೆಕ್ಕದ ಉತ್ತರ ನೋಡುವ ಹಾಗೆ.

ಗಡಿಯಲ್ಲಿ ಬೆಳಗಿನ ಪೊಲೀಸಿನವನೇ ಹತ್ತಿದ. ಈ ಕಡೆ ಹೋಗುವವರ ಮೇಲೆ ಅವನಿಗೆ ಆಸಕ್ತಿಯಿರಲಿಲ್ಲ. ಕಲ್ಲು ಕಂಡು ನಿಂತ.

‘ಯಾರಮ್ಮ ಇದು ದೊಡ್ಡಬಸಮ್ಮ?’

‘ಗೊತ್ತಿಲ್ಲ.’

‘ಗೊತ್ತಿಲ್ದೆ ಹೊತ್ಕೊಂಡು ಹೋಗ್ತೀರಾ?’ ಅವಳ ಹಣೆ ನೋಡಿದ. ಕೈಯಲ್ಲಿದ್ದ ಎರಡು ಚೀಟಿ ನೋಡಿದ. ‘ಜತೆಗೆ ಯಾರಿದಾರೆ?’

‘ಯಾರೂ ಇಲ್ಲ.’

ಅವನು ಇಳಿದ. ಬಸ್ಸು ಮೈಸೂರಿನ ಕಡೆಯ ಮಣ್ಣಿಗೆ ಇಳಿದು ಕುಲುಕಾಡಿತು. ಕಲ್ಲು ಸೀಟು ಬಿಟ್ಟು ಅವಳ ಕಡೆಗೆ ವಾಲಿತು. ಅದರ ಅಂಚು ಅವಳ ಪಾದದ ಮೇಲೆ ಕೂತಿತು. ತೆಗೆಯಬೇಕೆನ್ನಿಸಿತು. ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಪಾದ ಇದೆಯೋ ಇಲ್ಲವೋ ತಿಳಿಯದಾಯಿತು.

ಅಕ್ಷರಗಳ ಕೆಳಗಿನ ಖಾಲಿ ಸಾಲಿನಲ್ಲಿ ಉಳಿಯ ಹುಡಿ ಬಿಳಿಯಾಗಿ ಕೂತಿತ್ತು. ಅವಳು ಅದರ ಮೇಲೆ ತೋರುಬೆರಳಿಟ್ಟಳು. ಬಸ್ಸಿನ ಸದ್ದಿನಲ್ಲಿ ಅವರ ಹೆಸರು ಹೇಳಿದರೂ ಯಾರಿಗೂ ಕೇಳಿಸುವಂತಿರಲಿಲ್ಲ. ಬಾಯಿ ತೆರೆದಳು. ಧೂಳು ಒಳಗೆ ಹೋಯಿತು.

ಬೆರಳನ್ನು ಅವಳು ಅಲ್ಲಾಡಿಸಲಿಲ್ಲ. ಬಸ್ಸು ಕುಲುಕಿದ ಹಾಗೆಲ್ಲ ಅದರ ಕೆಳಗೆ ಹುಡಿಯಲ್ಲಿ ಗೆರೆಯೊಂದು ತಾನಾಗಿಯೇ ಮೂಡುತ್ತ ಹೋಯಿತು, ಯಾವ ಅಕ್ಷರವೂ ಅಲ್ಲದ್ದು.